ಸೆಕೆಂಡ್ ಹ್ಯಾಂಡ್ ಸೈಕಲ್ಲು

ಹೋದ ವರ್ಷ ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರವೂ ಕಳೆದಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಸಂಜೆ ಬಸ್ಸಿಳಿದು ಬಂದವಳೇ ಬ್ಯಾಗನ್ನು ಜಗಲಿಯ ಮೇಲೆ ಎಸೆದು, "ತಾತ, ನಂಗೊಂದು ರೋಡ್ ಬೈಕ್ ಬೇಕು" ಅಂದಳು.

ನನಗೆ ಗಾಬರಿಯಾಯಿತು. "ಹದಿನಾಲ್ಕು ವರ್ಷಕ್ಕೆ ಲೈಸೆನ್ಸ್ ಯಾರು ಕೊಡ್ತಾರವ್ವ?" ಅಂದೆ.

"ಮೋಟರ್ ಬೈಕ್ ಅಲ್ಲ ತಾತ. ಸೈಕಲ್ಲು. ರೇಸಿಗೆ ಹೋಗೋ ಸೈಕಲ್ಲು."

"ಎಲ್ಲಾ ಸೈಕಲ್ಲೂ ರೋಡಿನ ಮೇಲೇ ತಾನೆ ಓಡೋದು? ಇದೊಂದಕ್ಕೇನು ರೋಡ್ ಬೈಕ್ ಅಂತ ಬೇರೆ ಹೆಸರು?"

ಅವಳು ಹಣೆ ಚಚ್ಚಿಕೊಂಡಳು. ಒಳಗಿನಿಂದ ನನ್ನ ಹೆಂಡತಿ, "ಮೊದಲು ಕೈಕಾಲು ತೊಳ್ಕೊಂಡು ಬಾ, ಆಮೇಲೆ ಬೈಕಂತೆ" ಎಂದು ಕೂಗಿದಳು. ಅಲ್ಲಿಗೆ ಆ ದಿನದ ಮಾತು ಮುಗಿಯಿತು. ಆದರೆ ವಿಷಯ ಮುಗಿಯಲಿಲ್ಲ.

ನಮ್ಮದು ಚಾಮರಾಜನಗರ ತಾಲ್ಲೂಕಿನ ಚಂದಕವಾಡಿ. ನಾನು ಬಿ.ಕಾಂ. ಮಾಡಿ, ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿ ದುಡಿದು, ನಿವೃತ್ತನಾಗಿ ಊರಿಗೆ ಬಂದು ಕುಳಿತವನು. ಮಗ ಸೊಸೆ ಇಬ್ಬರೂ ಚಾಮರಾಜನಗರಕ್ಕೆ ಕೆಲಸಕ್ಕೆ ಹೋಗಿ ಬರುತ್ತಾರೆ. ಮೊಮ್ಮಗಳು ಓದುವುದೂ ಅಲ್ಲೇ. ಅವಳ ಶಾಲೆಯ ಪಿ.ಟಿ. ಮೇಷ್ಟ್ರು ಇವಳ ಓಟ ನೋಡಿ, "ನಿನ್ನ ಕಾಲಿಗೆ ಸೈಕಲ್ ಚೆನ್ನಾಗಿ ಒಗ್ಗುತ್ತೆ. ವಿಜಯಪುರ, ಬಾಗಲಕೋಟೆ ಕಡೆ ಮಕ್ಕಳು ಸೈಕಲ್ ರೇಸಿನಲ್ಲಿ ಎಷ್ಟೊಂದು ಪದಕ ತರ್ತಾರೆ, ನಮ್ಮ ಕಡೆಯಿಂದ ಯಾರೂ ಇಲ್ಲ. ನೋಡು ಪ್ರಯತ್ನ ಮಾಡಿ" ಎಂದಿದ್ದರಂತೆ. ಮೇಷ್ಟ್ರು ಹೇಳಿದ್ದು ಇಷ್ಟೇ. ಇವಳ ತಲೆಯಲ್ಲಿ ಅದು ಆಗಲೇ ಚಕ್ರದ ಹಾಗೆ ತಿರುಗುತ್ತಿತ್ತು.

ರಾತ್ರಿ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ನೋಡಿ ನನಗೆ ನಗು ಬಂತು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿದೆ. ಟಯರು ನನ್ನ ಹೆಬ್ಬೆರಳಿಗಿಂತ ತುಸು ದಪ್ಪ ಅಷ್ಟೆ. ಸೀಟು ಅಡಕತ್ತರಿಯಂತೆ ತೆಳ್ಳಗೆ. "ಇಷ್ಟೆಲ್ಲ ಕಿತ್ತುಹಾಕಿದ ಮೇಲೆ ಬೆಲೆ ಕಡಿಮೆ ಇರಬೇಕಲ್ಲ?" ಎಂದು ಕೇಳಿದೆ. ಹೊಸದಕ್ಕೆ ಕಡಿಮೆ ಎಂದರೂ 30 ಸಾವಿರ ಅಂದಳು. ಕೆಲವಕ್ಕೆ ಪೆಡಲನ್ನೂ ಬೇರೆ ದುಡ್ಡು ಕೊಟ್ಟೇ ಕೊಳ್ಳಬೇಕಂತೆ! ನನ್ನ ಹೆಂಡತಿ, "ಆ ದುಡ್ಡಿಗೆ ಹಾಲು ಕರೆಯೋ ಹಸು ಬರುತ್ತೆ" ಅಂದಳು.

ಮಗ, "ಹೊಸದೆಲ್ಲ ಆಗಲ್ಲ, ಹತ್ತನೇ ಕ್ಲಾಸ್ ಆಗ್ಲಿ ನೋಡೋಣ" ಎಂದು ತಳ್ಳಿಬಿಟ್ಟ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಮಾರನೇ ದಿನ ಮೊಮ್ಮಗಳು ನನ್ನ ಮುಂದೆ ಒಂದು ಬೋರ್ನ್‌ವಿಟಾ ಡಬ್ಬಿ ತಂದಿಟ್ಟಳು. ಯುಗಾದಿಗೆ ಕೊಟ್ಟದ್ದು, ಹುಟ್ಟುಹಬ್ಬಕ್ಕೆ ಕೊಟ್ಟದ್ದು, ಪ್ರಬಂಧ ಸ್ಪರ್ಧೆಯಲ್ಲಿ ಬಂದದ್ದು ಎಲ್ಲ ಸೇರಿ 6,200 ರೂಪಾಯಿ. ನೋಟುಗಳನ್ನು ಹತ್ತರದು, ಐವತ್ತರದು, ನೂರರದು ಎಂದು ಬೇರೆ ಬೇರೆ ಮಾಡಿ, ಎಲ್ಲದರ ಮುಖವೂ ಒಂದೇ ಕಡೆ ಇರುವಂತೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದಳು. ಕೌಂಟರಿನಲ್ಲಿ ಕೂತು ಜೀವನ ಕಳೆದವನ ಮನಸ್ಸು ಕರಗಲು ಇಷ್ಟು ಸಾಕು. "ಸೆಕೆಂಡ್ ಹ್ಯಾಂಡ್ ನೋಡೋಣ. ಮಿಕ್ಕಿದ್ದು ನಾನು ಹಾಕ್ತೀನಿ" ಅಂದೆ.

ಹಳೆಯ ರೋಡ್ ಬೈಕ್ ಕೊಳ್ಳುವುದು ಹೇಗೆಂದು ತಾತನಿಗೂ ಗೊತ್ತಿಲ್ಲ, ಮೊಮ್ಮಗಳಿಗೂ ಗೊತ್ತಿಲ್ಲ. ಹಾಗಾಗಿ ನಾನು ಒಂದು ಹಳೆ ಡೈರಿ ತೆಗೆದುಕೊಂಡು, ಮೂವತ್ತು ವರ್ಷದಿಂದ ಸೈಕಲ್ ರಿಪೇರಿ ಮಾಡುತ್ತಿರುವ ಪರಿಚಯದವನೊಬ್ಬನ ಅಂಗಡಿಯ ಬೆಂಚಿನ ಮೇಲೆ ಹೋಗಿ ಕೂತೆ. ಅವನು ಇಂಥ ಸೈಕಲ್ ಮುಟ್ಟಿದ್ದು ಒಂದೋ ಎರಡೋ ಸಲವಂತೆ. ಆದರೂ, "ಸೈಕಲ್ ಸೈಕಲ್ಲೇ ಸಾರ್, ಚೈನು ಎಳೀಬೇಕು, ಚಕ್ರ ತಿರುಗಬೇಕು, ಬ್ರೇಕು ಹಿಡೀಬೇಕು" ಎಂದು ಪಾಠ ಶುರು ಮಾಡಿದ.

ಅವನು ಹೇಳಿಕೊಟ್ಟದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಚೈನಿನ ಅಳತೆ. ಮಕ್ಕಳೇ, ನಿಮ್ಮ ಮನೆಯ ಸೈಕಲ್ಲಿನಲ್ಲೂ ನೋಡಬಹುದು. ಚೈನಿನ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ. ಅಂದರೆ ಒಂದು ಪಿನ್ನಿನ ಮೇಲೆ ಟೇಪು ಹಿಡಿದು 24 ಕೊಂಡಿ ಎಣಿಸಿದರೆ ಸರಿಯಾಗಿ 12 ಅಂಗುಲ ಬರಬೇಕು. ಪಿನ್ನುಗಳು ಸವೆದಂತೆ ಚೈನು ಉದ್ದವಾಗುತ್ತಾ ಹೋಗುತ್ತದೆ. ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚು ಬಂದರೆ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಹೆಚ್ಚಿದ್ದರೆ ಹಲ್ಲಿನ ಚಕ್ರಗಳೂ ಸವೆದಿರುತ್ತವೆ, ಖರ್ಚು ಜಾಸ್ತಿ. ದೇಹದ ಆರೋಗ್ಯಕ್ಕೆ ನಾಡಿ ಹಿಡಿದು ನೋಡಿದ ಹಾಗೆ ಸೈಕಲ್ಲಿಗೆ ಇದು.

ಚಕ್ರ ಎತ್ತಿ ತಿರುಗಿಸಿ ಬೆಂಡ್ ಇದೆಯೇ ನೋಡಬೇಕು. ಬ್ರೇಕಿನ ರಬ್ಬರ್ ಉಜ್ಜುವ ಕಡೆ ರಿಮ್ಮು ತಟ್ಟೆಯಂತೆ ಹಳ್ಳ ಬಿದ್ದಿದ್ದರೆ ಬೇಡ. ಫ್ರೇಮಿನ ಬೆಸುಗೆಗಳ ಹತ್ತಿರ ಕೂದಲೆಳೆಯಂಥ ಬಿರುಕು ಇರಬಹುದು, ಬಟ್ಟೆಯಿಂದ ಒರೆಸಿ ನೋಡಬೇಕು. ಸ್ಟಿಕರ್ ಅಂಟಿಸಿದ್ದರೆ ಅದರ ಕೆಳಗೇನಿದೆ ಎಂದು ಅನುಮಾನ ಪಡಬೇಕು. ಇದನ್ನೆಲ್ಲ ಬರೆದುಕೊಂಡೆ.

ಗೇರಿನ ವಿಷಯ ಮಾತ್ರ ಮೊಮ್ಮಗಳೇ ಓದಿ ನನಗೆ ಹೇಳಿದಳು. ಜಪಾನಿನ ಶಿಮಾನೋ ಕಂಪನಿಯ ಗೇರುಗಳೇ ಹೆಚ್ಚಂತೆ. ಅದರಲ್ಲಿ ದರ್ಜೆಗಳಿವೆ. ಕ್ಲಾರಿಸ್‌ನಲ್ಲಿ ಹಿಂದಿನ ಚಕ್ರಕ್ಕೆ 8 ಗೇರು, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಅದರ ಮೇಲೆ 105 ಎಂಬುದೊಂದು. ನನಗೆ ತಕ್ಷಣ ಅರ್ಥವಾಯಿತು. ಕ್ಲಾರಿಸ್ ಅಂದರೆ ಕ್ಲರ್ಕ್, ಸೋರಾ ಹೆಡ್ ಕ್ಲರ್ಕ್, ಟಿಯಾಗ್ರಾ ಆಫೀಸರ್, 105 ಬ್ರಾಂಚ್ ಮ್ಯಾನೇಜರ್. "ನಮ್ಮ ಮನೆಗೆ ಕ್ಲರ್ಕೇ ಸಾಕು" ಅಂದೆ.

ಅವಳೇ ಇನ್ನೊಂದು ಕಥೆಯನ್ನೂ ಹೇಳಿದಳು. ಜಗತ್ತಿನ ದೊಡ್ಡ ಸೈಕಲ್ ರೇಸು ಟೂರ್ ದ ಫ್ರಾನ್ಸ್ ಶುರುವಾದದ್ದು 1903ರಲ್ಲಿ. ಒಂದು ಕ್ರೀಡಾ ಪತ್ರಿಕೆ ತನ್ನ ಪ್ರತಿಗಳ ಮಾರಾಟ ಹೆಚ್ಚಲಿ ಎಂದು ಆ ರೇಸನ್ನು ಆರಂಭಿಸಿತಂತೆ. ಈಗಿನ ಹಾಗೆ ಓಡುತ್ತಲೇ ಗೇರು ಬದಲಿಸುವ ಸಾಧನಕ್ಕೆ ಆ ರೇಸಿನಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಬೆಟ್ಟ ಬಂದರೆ ಇಳಿದು, ಹಿಂದಿನ ಚಕ್ರ ಬಿಚ್ಚಿ, ಅದನ್ನೇ ತಿರುಗಿಸಿ ಹಾಕಿ ಹತ್ತುತ್ತಿದ್ದರಂತೆ. ಒಂದು ಬದಿಗೆ ಸಪಾಟು ರಸ್ತೆಯ ಹಲ್ಲು, ಇನ್ನೊಂದು ಬದಿಗೆ ಏರಿನ ಹಲ್ಲು. ಇದನ್ನು ಕೇಳಿ ರಿಪೇರಿಯವನು ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಅಬ್ಬಾ, ಅವರದು ಗಂಡೆದೆ" ಅಂದ.

ಕಾಗದ ಪತ್ರದ ವಿಷಯಕ್ಕೆ ಮಾತ್ರ ಯಾರ ಪಾಠವೂ ನನಗೆ ಬೇಕಿರಲಿಲ್ಲ. ಪ್ರತಿ ಸೈಕಲ್ಲಿಗೂ ಒಂದು ನಂಬರ್ ಇರುತ್ತದೆ. ನನ್ನ ಕಾಲದ ಸೈಕಲ್ಲುಗಳಿಗೆ ಅದನ್ನು ಸೀಟಿನ ಕೆಳಗೆ ಒತ್ತಿರುತ್ತಿದ್ದರು. ಈಗಿನವಕ್ಕೆ ಹೆಚ್ಚಾಗಿ ಪೆಡಲಿನ ಅಚ್ಚು ಕೂರುವ ಗುಂಡು ಕೊಳವೆಯ ಅಡಿಯಲ್ಲಿ, ಸೈಕಲ್ಲನ್ನು ತಲೆಕೆಳಗು ಮಾಡಿದರೆ ಕಾಣುತ್ತದೆ. ಬಿಲ್ಲಿನಲ್ಲಿ ನಂಬರ್ ಬರೆದಿದ್ದರೆ ಎರಡೂ ಒಂದೇ ಇರಬೇಕು. ನಂಬರ್ ನೋಡುವ ಕೆಲಸವನ್ನು ಮೊಮ್ಮಗಳಿಗೇ ಒಪ್ಪಿಸಿದೆ. ನನ್ನ ಮಂಡಿಗೆ ಬಗ್ಗಿ ಏಳುವುದು ಕಷ್ಟ.

ಜುಲೈಯ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಮೈಸೂರಿಗೆ ಹೊರಟೆವು. ಮೊಬೈಲಿನಲ್ಲಿ ನೋಡಿ ಇಟ್ಟುಕೊಂಡದ್ದು ಎರಡು ಸೈಕಲ್ಲು. ಮೊದಲನೆಯದು ಕುವೆಂಪುನಗರದಲ್ಲಿ. ಸೈಕಲ್ಲು ಬಹಳ ಚೆನ್ನಾಗಿತ್ತು, ಮಾರುವವನೂ ಒಳ್ಳೆಯವನು, ಅವನ ತಾಯಿ ನಮಗೆ ಕಾಫಿ ಕೊಟ್ಟರು. ಆದರೆ ಆ ಹುಡುಗ ಆರಡಿ ಎತ್ತರ. ನಮ್ಮವಳು ಬಾರಿನ ಮೇಲೆ ಕಾಲು ದಾಟಿಸಿ ನಿಂತರೆ ತುದಿಬೆರಳು ಮಾತ್ರ ನೆಲಕ್ಕೆ ತಾಗುತ್ತಿತ್ತು. ಎರಡೂ ಪಾದ ಪೂರ್ತಿ ನೆಲಕ್ಕೂರಿ ನಿಂತಾಗಲೂ ಬಾರಿಗೂ ಮೈಗೂ ನಡುವೆ ಎರಡು ಬೆರಳಿನ ಸಂದು ಇರಬೇಕು ಎಂದು ನನ್ನ ಡೈರಿಯಲ್ಲಿ ಬರೆದಿತ್ತು. ನಾವೆಲ್ಲ ಚಿಕ್ಕಂದಿನಲ್ಲಿ ದೊಡ್ಡವರ ಸೈಕಲ್ಲಿನ ಫ್ರೇಮಿನೊಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವರು, ಆಗ ಅಳತೆ ಗಿಳತೆ ಯಾರು ನೋಡಿದ್ದರು! ರೇಸಿಗೆ ಅದು ನಡೆಯುವುದಿಲ್ಲ. ಕಾಫಿಗೆ ಕೈ ಮುಗಿದು ಬಂದೆವು.

ಎರಡನೆಯದು ಎಲ್ಲಿ ಎಂದು ಹೇಳುವುದಿಲ್ಲ. ಒಂದು ಓಣಿಯ ಕೊನೆಯ ಕಾಂಪೌಂಡು. ಇಪ್ಪತ್ತೈದರ ಒಬ್ಬ ಹುಡುಗ ಸೈಕಲ್ಲನ್ನು ಹೊರಗೆ ತಂದು ನಿಲ್ಲಿಸಿದ. ಬಿಳಿ ಫ್ರೇಮು, ಮೇಲೆ ಕೆಂಪು ಗೆರೆ. ಗೇರು ನೋಡಿದರೆ ಆಫೀಸರ್ ದರ್ಜೆ. ಹತ್ತು ಕಿಲೋ ಕೂಡ ಇರಲಿಲ್ಲ, ನಾನೇ ಒಂದು ಕೈಯಲ್ಲಿ ಎತ್ತಿದೆ. ನನ್ನ ಹಳೆಯ ಸೈಕಲ್ಲುಗಳು ಇಪ್ಪತ್ತರ ಹತ್ತಿರ ತೂಗುತ್ತಿದ್ದವು. ಮೊಮ್ಮಗಳು ಹತ್ತಿ ಓಣಿಯ ತುದಿಯವರೆಗೆ ಹೋಗಿ ಬಂದಳು. ಅವಳಿಗೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಬಂದು ಇಳಿದಾಗ ಅವಳ ಮುಖ ನೋಡಬೇಕಿತ್ತು.

ಬೆಲೆ 9,000 ರೂಪಾಯಿ. ಹೊಸದಾಗಿ ಕೊಂಡರೆ ಐವತ್ತು ಸಾವಿರ ದಾಟುವ ಸೈಕಲ್ಲು.

"ನಂಬರ್ ನೋಡವ್ವ" ಅಂದೆ. ಅವಳು ಸೈಕಲ್ಲನ್ನು ತಲೆಕೆಳಗು ಮಾಡಿದಳು, ಬಗ್ಗಿ ನೋಡಿದಳು. ಒಂದು ಗಳಿಗೆ ಹಾಗೇ ಇದ್ದಳು. ಆಮೇಲೆ ಬೇಗ ಬೇಗ ಮತ್ತೆ ನೆಟ್ಟಗೆ ನಿಲ್ಲಿಸಿ, "ಎಲ್ಲ ಸರಿಯಾಗಿದೆ ತಾತ" ಅಂದಳು. ಹೇಳುವಾಗ ನನ್ನ ಕಡೆ ನೋಡಲಿಲ್ಲ, ಹ್ಯಾಂಡಲ್ಲಿನ ಧೂಳು ಒರೆಸುತ್ತಿದ್ದಳು.

ಆ ಒಂದು ಗಳಿಗೆ ನನಗೆ ಗೊತ್ತಿತ್ತು. ಅದು ನನ್ನದೇ.

ಮಂಡಿ ನೋವನ್ನು ಲೆಕ್ಕಿಸದೆ ನೆಲಕ್ಕೆ ಕೂತು ಮೊಬೈಲಿನ ಟಾರ್ಚ್ ಹಾಕಿ ನೋಡಿದೆ. ನಂಬರ್ ಇರಬೇಕಾದ ಕಡೆ ಬಣ್ಣ ಹೋಗಿ ಲೋಹ ಬೆಳ್ಳಗೆ ಹೊಳೆಯುತ್ತಿತ್ತು. ಅಡ್ಡಡ್ಡ ಗೀರುಗಳು. ಬಿಲ್ ಕೇಳಿದೆ. ಮನೆ ಬದಲಿಸುವಾಗ ಕಳೆಯಿತು ಅಂದ. ಎಲ್ಲಿ ಕೊಂಡದ್ದು ಅಂದೆ. ಗೆಳೆಯ ಕೊಟ್ಟದ್ದು ಅಂದ. ಗೆಳೆಯನ ಫೋನ್ ನಂಬರ್ ಕೇಳಿದ್ದಕ್ಕೆ, "ಬೇಕಾದ್ರೆ ತಗೊಳ್ಳಿ ಸಾರ್, ಎಂಟಕ್ಕೆ ಕೊಡ್ತೀನಿ" ಅಂದ. ಅದು ಕದ್ದ ಸೈಕಲ್ಲು ಎಂದು ನಾನು ಹೇಳುತ್ತಿಲ್ಲ, ನನ್ನ ಕೈಯಲ್ಲಿ ಸಾಕ್ಷಿ ಇಲ್ಲ. ಆದರೆ ಹೆಸರು ವಿಳಾಸ ಹೇಳದವನಿಗೆ ನಾನು ಒಂದು ಉಳಿತಾಯ ಖಾತೆಯನ್ನೂ ತೆರೆದುಕೊಟ್ಟವನಲ್ಲ. "ಬೇಡಪ್ಪ" ಎಂದು ಎದ್ದೆ.

ಮೊಮ್ಮಗಳು ಬಸ್‌ಸ್ಟ್ಯಾಂಡಿನವರೆಗೆ ಮಾತಾಡಲಿಲ್ಲ. ಮಸಾಲೆ ದೋಸೆ ಬೇಡ ಅಂದಳು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿ ಕೂತಳು. ನಂಜನಗೂಡು ದಾಟಿದ ಮೇಲೆ ನಾನೇ ಬಾಯಿಬಿಟ್ಟೆ. ಐವತ್ತೆಂಟು ವರ್ಷದಿಂದ ಯಾರಿಗೂ ಹೇಳದಿದ್ದ ಮಾತು. ನನ್ನ ಹೆಂಡತಿಗೂ ಹೇಳಿರಲಿಲ್ಲ. ಈಗ ಇದನ್ನು ಓದಿಯೇ ಅವಳಿಗೂ ತಿಳಿಯಬೇಕು.

1966. ನನಗೂ ಆಗ ಹದಿನಾಲ್ಕು. ನಮ್ಮದು ಇನ್ನೂ ಮೈಸೂರು ರಾಜ್ಯ, ಚಾಮರಾಜನಗರ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಹೈಸ್ಕೂಲಿಗೆ ಊರಿಂದ ಪೇಟೆಗೆ ಹೋಗಬೇಕು. ಬಸ್ಸುಗಳು ಕಡಿಮೆ, ಬಂದ ಬಸ್ಸು ತುಂಬಿದ್ದರೆ ನಿಲ್ಲಿಸುತ್ತಿರಲಿಲ್ಲ, ಎಷ್ಟೋ ದಿನ ನಡಿಗೆ. ಹೊಸ ಸೈಕಲ್ಲಿಗೆ ಇನ್ನೂರರ ಮೇಲೆ ಬೇಕು. ಅಪ್ಪ ಒಂದು ಹೋರಿಗರು ಮಾರಿದ ದುಡ್ಡಿನಲ್ಲಿ ಎಪ್ಪತ್ತು ರೂಪಾಯಿ ಸೊಂಟದ ಚೀಲದಲ್ಲಿ ಇಟ್ಟುಕೊಂಡು ನನ್ನನ್ನು ಸಂತೆಗೆ ಕರೆದುಕೊಂಡು ಹೋದರು.

ಅಲ್ಲೊಬ್ಬ ಸೈಕಲ್ ಹಿಡಿದು ನಿಂತಿದ್ದ. ಹಸಿರು ಬಣ್ಣದ ಹರ್ಕ್ಯುಲಿಸ್. ಊಟಿ ಕಡೆ ಎಸ್ಟೇಟಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ, ಅರ್ಜೆಂಟು, ಎಪ್ಪತ್ತೈದು ಕೊಡಿ ಅಂದ. ಅಪ್ಪನಿಗೆ ಎತ್ತಿನ ಹಲ್ಲು ಎಣಿಸಲು ಬರುತ್ತಿತ್ತು, ಸೈಕಲ್ಲಿನ ವಿಷಯ ಏನೂ ತಿಳಿಯದು. "ನೀ ನೋಡ್ಲಾ, ನೀ ಓದ್ದೋನು" ಎಂದು ನನ್ನನ್ನು ಮುಂದೆ ಬಿಟ್ಟರು. ನಾನು ಬೆಲ್ ಹೊಡೆದೆ, ಬ್ರೇಕು ಹಿಡಿದೆ, ದೊಡ್ಡ ಮನುಷ್ಯನ ಹಾಗೆ ಟಯರ್ ಒತ್ತಿದೆ. ಸೀಟಿನ ಕೆಳಗೆ ಬಗ್ಗಿದಾಗ ನಂಬರ್ ಇರಬೇಕಾದ ಜಾಗದಲ್ಲಿ ಅರ ಹಾಕಿ ಉಜ್ಜಿದ್ದು ಕಂಡಿತು. ಸೈಕಲ್ಲಿಗೆ ನಂಬರ್ ಇರುತ್ತದೆಂದು ನನಗೆ ಗೊತ್ತಿತ್ತು. ನಮ್ಮ ಕ್ಲಾಸಿನ ಒಬ್ಬ ಹುಡುಗನ ಸೈಕಲ್ ಕಳುವಾದಾಗ ಹೆಡ್ಮೇಷ್ಟ್ರು ಎಲ್ಲರಿಗೂ ನಂಬರ್ ಬರೆದಿಟ್ಟುಕೊಳ್ಳಿ ಎಂದು ಹೇಳಿದ್ದರು.

ನಾನು ಎದ್ದು ನಿಂತು, "ಚೆನ್ನಾಗದೆ ಅಪ್ಪ" ಅಂದೆ. ಅಪ್ಪ ಚೌಕಾಸಿ ಮಾಡಿ ಎಪ್ಪತ್ತಕ್ಕೆ ತೆಗೆದುಕೊಂಡರು.

ಮೂರು ವಾರ ಆ ಸೈಕಲ್ಲಿನಲ್ಲಿ ಸ್ಕೂಲಿಗೆ ಹೋದೆ. ಆ ಮೂರು ವಾರದ ಸಂತೋಷ ಈಗಲೂ ನೆನಪಿದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕನೇ ವಾರ ಸಂತೆಯ ದಿನ ಅಪ್ಪನೂ ಪೇಟೆಗೆ ಬಂದಿದ್ದರು. ಇಬ್ಬರೂ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಗ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಒಬ್ಬ ಮನುಷ್ಯ ಎದುರಿಗೆ ಬಂದು ನಿಂತ. ಹಳ್ಳಿಹಳ್ಳಿಗೆ ಸೀರೆ, ಪಂಚೆ ಮಾರುವವನು. ಗಂಟು ಇಳಿಸಿ ಹ್ಯಾಂಡಲ್ ಹಿಡಿದುಕೊಂಡ. ಜಗಳ ಮಾಡಲಿಲ್ಲ, ಕೂಗಲಿಲ್ಲ. "ಸಾಮಿ, ಇದು ನನ್ ಸೈಕಲ್ಲು ಕನ" ಅಂದ. ಗುರುತೇನು ಎಂದು ಅಪ್ಪ ಕೇಳಿದರು. "ಸೀಟಿನ ಚರ್ಮ ಹಿಂದುಗಡೆ ಹರ್ದಿತ್ತು, ಗೋಣಿದಾರದಲ್ಲಿ ನಾನೇ ಹೊಲ್ದಿವ್ನಿ, ಏಳು ಹೊಲಿಗೆ" ಅಂದ. ಅಪ್ಪ ಸೀಟನ್ನು ಮುಟ್ಟಿ ಎಣಿಸಿದರು. ಏಳು.

ಆ ಮನುಷ್ಯ ಹೆಚ್ಚೂಕಡಿಮೆ ಒಂದು ತಿಂಗಳಿಂದ ಗಂಟನ್ನು ತಲೆಯ ಮೇಲೆ ಹೊತ್ತು ನಡೆದೇ ವ್ಯಾಪಾರ ಮಾಡುತ್ತಿದ್ದ. ಅವನ ಕತ್ತಿನ ಹಿಂದೆ ಕೆಂಪಗೆ ಊದಿಕೊಂಡಿದ್ದನ್ನು ನಾನು ನೋಡಿದೆ. ಅಪ್ಪ ಒಂದು ಮಾತೂ ಆಡದೆ ಸೈಕಲ್ಲನ್ನು ಅವನ ಕೈಗೆ ಕೊಟ್ಟು, ಗಂಟನ್ನು ಕ್ಯಾರಿಯರಿಗೆ ಕಟ್ಟಲು ತಾವೂ ಕೈ ಹಾಕಿದರು. ಪೊಲೀಸಿಗೆ ಹೋಗಲಿಲ್ಲ. ಮಾರಿದವನನ್ನು ಎಲ್ಲಿ ಹುಡುಕುವುದು? ಎಪ್ಪತ್ತು ರೂಪಾಯಿ ಹೋಯಿತು.

ನಡೆದುಕೊಂಡು ಊರಿಗೆ ಬರುತ್ತಿದ್ದೆವು. ಅರ್ಧ ದಾರಿಯಲ್ಲಿ ಅಪ್ಪ ಕೇಳಿದರು: "ಅವತ್ತು ನೀ ಏನೂ ನೋಡ್ಲಿಲ್ವಲಾ?"

"ಇಲ್ಲ ಅಪ್ಪ" ಅಂದೆ.

"ಓಗ್ಲಿ ಬುಡು. ನಂಗೂ ಗೊತ್ತಾಗ್ನಿಲ್ಲ" ಅಂದರು.

ಅಪ್ಪ ಆ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದರು. ನಾನು ಬ್ಯಾಂಕಿಗೆ ಸೇರಿದೆ, ದಿನದ ಲೆಕ್ಕದಲ್ಲಿ ಒಂದು ರೂಪಾಯಿ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಕೂತು ವೋಚರುಗಳನ್ನೆಲ್ಲ ಮತ್ತೆ ತಾಳೆ ನೋಡಿ ಮನೆಗೆ ಬಂದೆ. ನಮ್ಮ ಮಗ ಭಾರೀ ಪ್ರಾಮಾಣಿಕ ಎಂದು ಅಪ್ಪ ಊರವರ ಮುಂದೆ ಹೇಳುತ್ತಿದ್ದರು. ಒಂದು ಸಲವೂ ಅವರಿಗೆ ನಿಜ ಹೇಳಲಾಗಲಿಲ್ಲ.

ಇದನ್ನು ಹೇಳಿ ಮುಗಿಸುವಾಗ ಬಸ್ಸು ಬದನವಾಳು ಬಿಟ್ಟಿತ್ತು. ಮೊಮ್ಮಗಳು ಕಿಟಕಿಯಿಂದ ಮುಖ ತಿರುಗಿಸಿದ್ದಳು.

"ಮುತ್ತಾತನಿಗೆ ಗೊತ್ತಿತ್ತೇನೋ ತಾತ."

ಅವಳು ಹೇಳುವವರೆಗೆ ನನಗೆ ಅದು ಹೊಳೆದಿರಲೇ ಇಲ್ಲ. ಎತ್ತಿನ ಕಣ್ಣು ನೋಡಿ ರೋಗ ಹೇಳುತ್ತಿದ್ದ ಮನುಷ್ಯ. ಮಗನ ಮುಖ ಓದಲು ಬರುತ್ತಿರಲಿಲ್ಲವೇ? ನಾನು ಏನೂ ಹೇಳಲಿಲ್ಲ.

ಕವಲಂದೆಯಲ್ಲಿ ಬಸ್ಸು ನಿಂತಾಗ ಅವಳು ಮೆಲ್ಲಗೆ, "ನಾನೂ ನೋಡಿದ್ದೆ" ಅಂದಳು. "ಗೊತ್ತು ಕಣವ್ವ" ಅಂದೆ. ಅಲ್ಲೇ ಕೆಳಗಿಳಿದು ಕಡಲೆಕಾಯಿ ತೆಗೆದುಕೊಂಡೆವು. ಆಗ ಅವಳು ತಿಂದಳು.

ಮೂರು ವಾರದ ಮೇಲೆ ಇನ್ನೊಂದು ಸೈಕಲ್ಲು ಸಿಕ್ಕಿತು. ಸರಸ್ವತಿಪುರಂ. ಮಾರುತ್ತಿದ್ದವರು ಒಬ್ಬ ಹೆಣ್ಣುಮಗಳು, ಕೆಲಸದ ಮೇಲೆ ಬೇರೆ ಊರಿಗೆ ಹೊರಟಿದ್ದವರು. ನಾವು ಕೇಳುವ ಮೊದಲೇ ಸೈಕಲ್ಲಿನ ತಪ್ಪುಗಳನ್ನೆಲ್ಲ ಅವರೇ ಹೇಳಿದರು. ಚಾಮುಂಡಿ ಬೆಟ್ಟ ಇಳಿಯುವಾಗ ಒಂದು ಸಲ ಬಲಕ್ಕೆ ಬಿದ್ದಿದ್ದೆ, ಬ್ರೇಕಿನ ಹಿಡಿ ತರಚಿದೆ, ಟಯರ್ ಹಳೆಯದು, ಚೈನು ಬದಲಿಸಿಲ್ಲ ಅಂದರು. ಇಷ್ಟು ಹೇಳಿ ಮಾರುವವರನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ. ಬೂದು ಬಣ್ಣ, ನೋಡಲು ಅಂಥ ಚೆಲುವೇನೂ ಇಲ್ಲ. ಕ್ಲಾರಿಸ್ ಗೇರು, ನಮ್ಮ ಗುಮಾಸ್ತ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಟ್ಟರೆ ಕಾಲು ನೆಟ್ಟಗಾಗುತ್ತಿತ್ತು. ಅಳತೆ ಸರಿ ಎಂಬುದಕ್ಕೆ ಅದು ಗುರುತು.

ಮೊಮ್ಮಗಳು ಟೇಪು ಹಿಡಿದು ಕೊಂಡಿ ಎಣಿಸಿದಳು. 12 ಅಂಗುಲದ ಮೇಲೆ ಹದಿನಾರನೇ ಒಂದು ಭಾಗ. ಚೈನು ಹೋಗಿದೆ, ಹಲ್ಲುಗಳು ಉಳಿದಿವೆ. ಆಮೇಲೆ ಸೈಕಲ್ಲನ್ನು ತಲೆಕೆಳಗು ಮಾಡಿ ನಂಬರನ್ನು ಒಂದೊಂದೇ ಅಕ್ಷರ, ಅಂಕಿ ಗಟ್ಟಿಯಾಗಿ ಓದಿದಳು. ನಾನು ಬಿಲ್ ಹಿಡಿದು ಟಿಕ್ ಹಾಕುತ್ತಾ ಹೋದೆ. ಸರಿ ಹೋಯಿತು.

ಬಿಲ್ಲಿನಲ್ಲಿ ಇದ್ದದ್ದು 32,000, ಎರಡು ವರ್ಷದ ಹಿಂದಿನದು. ವರ್ಷಕ್ಕೆ ನೂರಕ್ಕೆ ಇಪ್ಪತ್ತರಂತೆ ಸವಕಳಿ ಕಳೆದೆ. ಮೊದಲ ವರ್ಷದ ಕೊನೆಗೆ 25,600, ಎರಡನೆಯ ವರ್ಷದ ಕೊನೆಗೆ 20,480. ಅವರು ಹೇಳಿದ್ದು 20,000. ಬಿ.ಕಾಂ. ಓದಿದ್ದು ಸಾರ್ಥಕವಾಯಿತು ಎನಿಸಿತು. ಚೈನಿಗೂ ಟಯರಿಗೂ ಎರಡೂವರೆ ಸಾವಿರ ಕಳೆಯಿರಿ ಎಂದು ಕೇಳಿದೆ, ಒಪ್ಪಿದರು. 17,500. ಅದರಲ್ಲಿ 6,200 ಬೋರ್ನ್‌ವಿಟಾ ಡಬ್ಬಿಯದು, 11,300 ನನ್ನದು. ನಾನು ಪರ್ಸಿನಿಂದ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ತೆಗೆದೆ. 5,000 ದಾಟಿದರೆ ರಸೀದಿಗೆ ಅದು ಬೇಕೇ ಬೇಕು. ಆ ಹೆಣ್ಣುಮಗಳು ನಕ್ಕು, "ಸೈಕಲ್ಲಿಗೂ ಸ್ಟ್ಯಾಂಪಾ ಸರ್?" ಎನ್ನುತ್ತಲೇ ಅದರ ಮೇಲೆ ಅಡ್ಡಲಾಗಿ ಸಹಿ ಹಾಕಿದರು. ಮೊಮ್ಮಗಳಿಗೆ ನಾಚಿಕೆಯಾಯಿತಂತೆ. ಆಗಲಿ.

ಮುಂದಿನ ಚಕ್ರವನ್ನು ಸ್ಪ್ಯಾನರ್ ಇಲ್ಲದೆ ಒಂದು ಹಿಡಿ ಎಳೆದು ಬಿಚ್ಚಬಹುದು. ಬಸ್ಸಿಗೆ ಹಾಕಲು ಅನುಕೂಲವಾಯಿತು, ಕಳ್ಳನಿಗೂ ಅಷ್ಟೇ ಅನುಕೂಲ ಎಂದು ಬೀಗ ಚೈನು ಒಂದನ್ನು ಅಲ್ಲೇ ಕೊಂಡೆ. ಕಂಡಕ್ಟರ್ ಲಗೇಜ್ ಟಿಕೆಟ್ ಕೊಟ್ಟು, "ಮಡ್‌ಗಾರ್ಡ್ ಎಲ್ ಬಿಟ್ಟು ಬಂದ್ರಿ ಯಜಮಾನ್ರೇ?" ಎಂದು ಕೇಳಿದ. ಎಲ್ಲ ಕಡೆ ಇದೇ ಪ್ರಶ್ನೆ.

ಊರಿಗೆ ಬಂದ ಮೇಲೆ ಹೊಸ ಸಮಸ್ಯೆ. ಟಯರಿನ ಮೇಲೆ 700×25 ಎಂದಿದೆ, ಅಂದರೆ ಅಗಲ 25 ಮಿಲಿಮೀಟರ್. ಇಷ್ಟು ಸಣ್ಣ ಟಯರಿಗೆ ಗಾಳಿ ಮಾತ್ರ ಬಹಳ ಬಿಗಿ ಇರಬೇಕು. ಆದರೆ ಅದರ ವಾಲ್ವು ತೆಳ್ಳಗೆ ಉದ್ದಕ್ಕೆ ಇದೆ, ತುದಿಯಲ್ಲಿ ಪುಟ್ಟ ತಿರುಪು, ನಮ್ಮೂರಿನ ಯಾವ ಪಂಪಿಗೂ ಕೂರುವುದಿಲ್ಲ. ರಿಪೇರಿಯವನು ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ ಮೈಸೂರಿನಿಂದ ಹಿತ್ತಾಳೆಯ ಒಂದು ಚಿಕ್ಕ ಟೊಪ್ಪಿ ತರಿಸಿದ. ಅದನ್ನು ವಾಲ್ವಿನ ಮೇಲೆ ತಿರುಗಿಸಿ ಕೂರಿಸಿದರೆ ಮಾಮೂಲು ಪಂಪು ಹಿಡಿಯುತ್ತದೆ. ಕಡಲೆಬೀಜದಷ್ಟಿರುವ ಆ ಟೊಪ್ಪಿ ಕಳೆದರೆ ನಮ್ಮ ಸೈಕಲ್ಲು ನಿಂತ ಹಾಗೇ ಎಂದು ನನ್ನ ಹೆಂಡತಿ ಅದಕ್ಕೆ ದಾರ ಕಟ್ಟಿ ದೇವರ ಗೂಡಿನ ಮೊಳೆಗೆ ನೇತುಹಾಕಿದ್ದಾಳೆ.

ಈಗ ಭಾನುವಾರ ಬೆಳಗಾಗುತ್ತಲೇ ಮೊಮ್ಮಗಳು ಹೆಲ್ಮೆಟ್ ಹಾಕಿಕೊಂಡು ಚಾಮರಾಜನಗರದ ಕಡೆ ಹೊರಡುತ್ತಾಳೆ. ಕರಿಕಲ್ಲಿನ ಲಾರಿಗಳು ಓಡಾಡುವ ರಸ್ತೆ, ಒಬ್ಬಳನ್ನೇ ಬಿಡಲು ಮನಸ್ಸಿಲ್ಲ. ನಾನು ಟಿವಿಎಸ್ ಮೊಪೆಡ್ಡಿನಲ್ಲಿ ಹಿಂದೆ ಹೋಗುತ್ತೇನೆ. ಏರಿನಲ್ಲಿ ಅವಳ ಜೊತೆಗೇ ಇರುತ್ತೇನೆ. ಇಳಿಜಾರಿನಲ್ಲಿ ಅವಳು ಆ ಟಗರುಕೊಂಬಿನ ಮೇಲೆ ಬಗ್ಗಿದರೆ ನನಗೆ ಸಿಗುವುದಿಲ್ಲ. ಅರಿಶಿನದ ಹೊಲದ ಪಕ್ಕ ಕಾಲೂರಿ ನಿಂತು ಕಾಯುತ್ತಿರುತ್ತಾಳೆ.

ಡಿಸೆಂಬರಿನಲ್ಲಿ ಅವಳು ಮೊದಲ ಸ್ಪರ್ಧೆಗೆ ಹೋದಳು. ಹದಿನಾಲ್ಕು ಜನರಲ್ಲಿ ಹನ್ನೊಂದನೆಯವಳಾಗಿ ಬಂದಳು. ಬೇಜಾರಾಯಿತೇ ಎಂದು ಕೇಳಿದೆ. "ಇಲ್ಲ ತಾತ, ಮುಂದೆ ಬಂದೋರೆಲ್ಲ ಪೆಡಲ್ಲಿಗೆ ಸಿಕ್ಕಿಸೋ ಶೂ ಹಾಕಿದ್ರು, ಅದಕ್ಕೇ" ಅಂದಳು. ಆ ಶೂ ಬೆಲೆ ಎಷ್ಟು ಎಂದು ಕೇಳಿ ಎರಡು ವಾರವಾಯಿತು. ಇನ್ನೂ ಹೇಳಿಲ್ಲ. ಬೋರ್ನ್‌ವಿಟಾ ಡಬ್ಬಿ ಮಾತ್ರ ಮತ್ತೆ ಅವಳ ಪುಸ್ತಕದ ಗೂಡಿಗೆ ಬಂದಿದೆ.